ಊರಲ್ಲಿ ನಡೆಯದ ರೂಪಾಯಿಗೆ ಗ್ರೇಡು ಹಾಕಿಸಿದ್ದು

ಅಜ್ಜಯ್ಯ ಬಹರೈನ್‌ನಲ್ಲಿ ಅಡುಗೆ ಕೆಲಸಕ್ಕಿದ್ದವರು. 1963ರಲ್ಲಿ ಕುಂದಾಪುರಕ್ಕೆ ವಾಪಸಾದಾಗ ಪಾಸ್‌ಪೋರ್ಟಿನ ಹೊದಿಕೆಯೊಳಗೆ ಮೂರು ನೋಟು ಉಳಿದುಬಿಟ್ಟಿದ್ದವು. ಎರಡು ಹತ್ತರವು, ಒಂದು ಒಂದು ರೂಪಾಯಿಯದು. ಮೂರೂ ಕೆಂಪು. ಹತ್ತರ ನೋಟಿನ ಹಿಂದೆ ಹಾಯಿ ಕಟ್ಟಿದ ಹಡಗು. ನೋಡಿದರೆ ನಮ್ಮದೇ ದುಡ್ಡು, ಆದರೆ ಊರಿನ ಯಾವ ಅಂಗಡಿಯಲ್ಲೂ ನಡೆಯದ ದುಡ್ಡು.

ಅದು ಗಲ್ಫ್ ರೂಪಾಯಿ. ಅದಕ್ಕೆ ಮೊದಲು ಕುವೈತ್, ಬಹರೈನ್, ಕತಾರ್ ಕಡೆಯೆಲ್ಲ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತು. ಇಲ್ಲಿಂದ ಕದ್ದು ಸಾಗಿಸಿದ ನೋಟು ಕೊಟ್ಟು ಅಲ್ಲಿ ಚಿನ್ನ ಕೊಳ್ಳುವುದು, ಆ ನೋಟುಗಳು ಅಲ್ಲಿನ ಬ್ಯಾಂಕುಗಳ ಮೂಲಕ ಭಾರತಕ್ಕೆ ಮರಳಿದಾಗ ನಾವು ಅವಕ್ಕೆ ಪೌಂಡು ತೆರುವುದು ನಡೆದಿತ್ತು. ವಿದೇಶಿ ವಿನಿಮಯ ಸೋರುತ್ತಿದ್ದ ಆ ತೂತು ಮುಚ್ಚಲು 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ, ಸಂಖ್ಯೆಯ ಮುಂದೆ ಝಡ್ ಅಕ್ಷರವಿರುವ ನೋಟು ಬಂತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ದಿನಾರ್ ತಂದುಕೊಂಡವು. ಅಜ್ಜಯ್ಯನ ಮೂರು ನೋಟು ಪೆಟ್ಟಿಗೆಯಲ್ಲಿ ಉಳಿದವು.

ನಾನು ಸಂಗ್ರಹಕ್ಕೆ ಬಿದ್ದದ್ದು ಈ ನೋಟುಗಳಿಂದಲೇ. ಗ್ರೇಡಿಂಗ್, ಅಂದರೆ ನೋಟು ಎಷ್ಟು ಸವೆದಿದೆ ಎಂದು ನೋಡಿ ದರ್ಜೆ ಹಾಕಿಸುವ ಯೋಚನೆ ಬಂದದ್ದು ಮಾತ್ರ ಬಹಳ ವರ್ಷದ ಮೇಲೆ, ಬೆಂಗಳೂರಿನ ಒಂದು ನಾಣ್ಯ ಮೇಳದಲ್ಲಿ. ನಾನು ‘ವಿಎಫ್’ (ವೆರಿ ಫೈನ್) ಎಂದು ಹೇಳಿಕೊಂಡು ಬಂದ ಹತ್ತರ ನೋಟನ್ನು ಒಬ್ಬ ವ್ಯಾಪಾರಿ ಅದಕ್ಕಿಂತ ಕೆಳಗಿನ ದರ್ಜೆಗೆ ಇಳಿಸಿ ‘ಫೈನ್ ಅಷ್ಟೇ’ ಎಂದ. ಪಕ್ಕದ ಟೇಬಲ್ಲಿನವನು ವಿಎಫ್‌ಗಿಂತ ಮೇಲಿನ ದರ್ಜೆ ಹೇಳಿ ‘ಇಎಫ್ (ಎಕ್ಸ್‌ಟ್ರೀಮ್ಲಿ ಫೈನ್) ಹತ್ತಿರ ಇದೆ, ಕೊಡ್ತೀರಾ?’ ಎಂದ. ಮಾರುವವನ ಕಣ್ಣಿಗೊಂದು ದರ್ಜೆ, ಕೊಳ್ಳುವವನ ಕಣ್ಣಿಗೊಂದು ದರ್ಜೆ ಎನ್ನುವುದು ಗೊತ್ತಿತ್ತು. ಇಲ್ಲಿ ಕೊಳ್ಳುವವನೇ ಹೆಚ್ಚು ಹೇಳಿದ್ದು ಕಂಡು ನನಗೆ ದಿಗಿಲಾಯಿತು. ನೋಟಿನ ವಿಷಯದಲ್ಲಿ ನನಗೇನೋ ಗೊತ್ತಿಲ್ಲ ಅನ್ನಿಸಿ ಮಾರದೆ ಬಂದೆ.

ಮೂರನೆಯವರ ಕೈಗೆ ಕೊಡೋಣ ಎಂದು ಪಿಎಂಜಿ (ಪೇಪರ್ ಮನಿ ಗ್ಯಾರಂಟಿ) ಆರಿಸಿಕೊಂಡೆ. ಅಮೆರಿಕದ ಫ್ಲಾರಿಡಾದ ಸಂಸ್ಥೆ, 2005ರಲ್ಲಿ ಶುರುವಾದದ್ದು. ನೋಟು ಅಸಲಿಯೇ ಎಂದು ನೋಡಿ, 70ರವರೆಗಿನ ಅಳತೆಯಲ್ಲಿ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸುತ್ತಾರೆ. ಅದಕ್ಕೆ ನಮ್ಮ ಬಾಯಲ್ಲಿ ಸ್ಲ್ಯಾಬ್. ನೋಟಿನ ಬೆಲೆ ಎಷ್ಟೆಂದು ಅವರು ಹೇಳುವುದಿಲ್ಲ, ಅದು ಅವರ ಕೆಲಸವೂ ಅಲ್ಲ.

ಕಳಿಸುವ ಮೊದಲು ನಾನೇ ಅಂಕ ಹಾಕಿ ಚೀಟಿಯಲ್ಲಿ ಬರೆದಿಟ್ಟೆ. ಈ ಇಡೀ ಉಸಾಬರಿಯಲ್ಲಿ ನನಗೆ ನಿಜಕ್ಕೂ ಉಪಯೋಗವಾದದ್ದು ಈ ಚೀಟಿ. ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮೇಜಿನ ಮೇಲೆ ಮಲಗಿಸಿ, ಬೆಳಕು ನೋಟಿನ ಮೈಮೇಲೆ ಅಡ್ಡಲಾಗಿ ಹಾಯುವಂತೆ ಮಾಡಬೇಕು. ನೇರ ಬೆಳಕಿನಲ್ಲಿ ಸಪಾಟಾಗಿ ಕಾಣುವ ಕಾಗದ ಆಗ ಗದ್ದೆಯ ಹಾಗೆ ಕಾಣುತ್ತದೆ, ಒಂದೊಂದು ಮಡಿಕೆಯೂ ಒಂದೊಂದು ಅಂಚು. ಆಮೇಲೆ ನೋಟನ್ನು ಕಿಟಕಿಗೆ ಹಿಡಿದರೆ ಸೂಜಿ ತೂತು, ತೆಳುವಾದ ಜಾಗ, ಒಳಗಿಂದ ಅಂಟಿಸಿದ ಹರಕು ಎಲ್ಲ ಹೊರಬೀಳುತ್ತದೆ. ಮಡಿಕೆ ಎಣಿಸುವುದು ಸುಮ್ಮನೆ ಅಲ್ಲ. ಪಿಎಂಜಿ ಅಳತೆಯಲ್ಲಿ ನಾಲ್ಕರಿಂದ ಏಳು ಹಗುರ ಮಡಿಕೆಯಾದರೆ ಸಾಮಾನ್ಯವಾಗಿ 35, ಏಳರಿಂದ ಹತ್ತಾದರೆ 30.

ಮೊದಲನೇ ಹತ್ತರ ನೋಟಿಗೆ ಎಡಗಡೆ ಪಿನ್ನಿನ ತೂತು, ಅದರ ಸುತ್ತ ತುಕ್ಕು. ನಮ್ಮ ಹಳೆಯ ನೋಟುಗಳಿಗೆಲ್ಲ ಇದೇ ಗತಿ. ನೂರು ನೋಟಿನ ಕಟ್ಟಿಗೆ ಪಿನ್ ಹೊಡೆಯುವುದನ್ನು ನಿಲ್ಲಿಸಿ ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಆಜ್ಞೆ ಮಾಡಿದ್ದು 2001ರಲ್ಲಿ. ಅಷ್ಟರಲ್ಲಿ ಎಷ್ಟು ಗರಿಗರಿ ನೋಟುಗಳ ಎದೆಗೆ ತೂತು ಬಿದ್ದಿತ್ತೋ! ಕಟ್ಟಿನಲ್ಲೇ ಬಂದ ಪಿನ್ ತೂತು ಬೇರೆ, ಆಮೇಲೆ ಯಾರೋ ಚುಚ್ಚಿದ್ದು ಬೇರೆ ಎಂದು ಪಿಎಂಜಿಗೂ ಗೊತ್ತು. ಬಿಡುಗಡೆಯಾಗುವಾಗಲೇ ಇದ್ದ ತೂತು ಎಂದು ಲೇಬಲ್ಲಿನಲ್ಲಿ ಬರೆಯುವುದುಂಟು. ಈ ನೋಟಿಗೆ ನಾನು ಕೊಟ್ಟದ್ದು 25.

ಎರಡನೇ ಹತ್ತರದ್ದು ನನ್ನ ಪಾಪದ ಕತೆ. ಅದು ಮಧ್ಯದಲ್ಲಿ ಹರಿದಿತ್ತು. ನಾನು ಹುಟ್ಟುವ ಮೊದಲೇ ಚಿಕ್ಕಮ್ಮ ಅದಕ್ಕೆ ಟೇಪು ಹಚ್ಚಿದ್ದರು. ಸಂಗ್ರಹ ಶುರುಮಾಡಿದ ಹೊಸತರಲ್ಲಿ ಹಳದಿಯಾದ ಆ ಟೇಪು ಕಂಡರೆ ನನಗೆ ಮೈಯೆಲ್ಲ ಉರಿ. ಹತ್ತಿಯಲ್ಲಿ ಪೆಟ್ರೋಲ್ ಅದ್ದಿ ತಿಕ್ಕಿ ತಿಕ್ಕಿ ಕಿತ್ತೆ. ಟೇಪಿನ ಜೊತೆ ಕೆಂಪು ಬಣ್ಣವೂ ಸ್ವಲ್ಪ ಬಂತು, ಅಂಟು ಮಾತ್ರ ಉಳಿಯಿತು. ಸುಕ್ಕು ಹೋಗಲೆಂದು ಬಟ್ಟೆ ಮುಚ್ಚಿ ಇಸ್ತ್ರಿ ಬೇರೆ ಮಾಡಿದೆ. ನೋಟು ಮಟ್ಟಸವಾಯಿತು, ಆದರೆ ಕಾಗದದ ಜೀವ ಹೋಯಿತು. ಇಸ್ತ್ರಿಯಾದ ನೋಟಿಗೆ ಒಂದು ಸತ್ತ ಹೊಳಪು ಇರುತ್ತದೆ, ಒಮ್ಮೆ ಕಂಡವರಿಗೆ ಮತ್ತೆ ಮರೆಯುವುದಿಲ್ಲ. ಅದಕ್ಕೂ 25 ಬರೆದೆ, ಆಸೆಗೆ.

ಒಂದು ರೂಪಾಯಿಯದು ಚೆನ್ನಾಗಿತ್ತು. ನಡುವೆ ಒಂದೇ ಮಡಿಕೆ. 58 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಕಳಿಸಿದ್ದು ಮುಂಬೈನ ಒಬ್ಬ ಡೀಲರ್ ಮೂಲಕ. ಹತ್ತಾರು ಜನರದ್ದು ಒಟ್ಟುಮಾಡಿ ಕಳಿಸುತ್ತಾರೆ. ಅವರಿಗಿಂತ ಮುಂಚೆ ಇನ್ನೊಬ್ಬ ಮಧ್ಯವರ್ತಿ ಎರಡು ತಿಂಗಳು ‘ಈ ವಾರ ಹೋಗ್ತದೆ’ ಎಂದು ಆಡಿಸಿದ್ದ, ಬೇಸತ್ತು ಹೋಗಿ ವಾಪಸು ತಂದಿದ್ದೆ. ಕೊಡುವಾಗ ನೋಟಿನ ಎರಡೂ ಮಗ್ಗುಲು ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಸಂಖ್ಯೆ ಬರೆಸಿ ರಸೀದಿ ತೆಗೆದುಕೊಳ್ಳಿ. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಂತೂ ಹಾಕಬೇಡಿ, ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಕವರೇ ಆಗಬೇಕು. ಶುಲ್ಕ, ವಿಮೆ, ಹೋಗಿಬರುವ ಖರ್ಚು ಸೇರಿ ನೋಟೊಂದಕ್ಕೆ ಕೆಲವು ಸಾವಿರ ಬಿತ್ತು. ಐನೂರು ಬಾಳದ ನೋಟಿಗೆ ಈ ಖರ್ಚು ಮಾಡುವವರನ್ನೂ ಕಂಡಿದ್ದೇನೆ, ಯಾಕೆಂದು ಕೇಳಿಲ್ಲ.

ಐದು ತಿಂಗಳಾಯಿತು. ಬಂದಾಗ ಮೊದಲು ಮಾಡಿದ್ದು, ಲೇಬಲ್ಲಿನ ಸಂಖ್ಯೆಯನ್ನು ಪಿಎಂಜಿ ತಾಣದಲ್ಲಿ ಹಾಕಿ ಅಲ್ಲಿನ ಫೋಟೋಗೂ ಕೈಯಲ್ಲಿದ್ದದ್ದಕ್ಕೂ ತಾಳೆ ನೋಡಿದ್ದು. ಸ್ಲ್ಯಾಬ್‌ನಲ್ಲೂ ನಕಲಿ ಇವೆ. ಆಮೇಲೆ ಚೀಟಿ ತೆಗೆದೆ.

ತುಕ್ಕಿನ ನೋಟಿಗೆ 25, ಕೆಳಗೆ ತುಕ್ಕಿನ ಮಾತು. ಸರಿಯಾಯಿತು. ಒಂದು ರೂಪಾಯಿಗೆ 53. ಒಪ್ಪಲು ಮನಸ್ಸಾಗಲಿಲ್ಲ. ಆ ರಾತ್ರಿಯೇ ಟಾರ್ಚು ಹಚ್ಚಿ ಸ್ಲ್ಯಾಬನ್ನು ಓರೆ ಹಿಡಿದು ಅರ್ಧ ಗಂಟೆ ತಿರುಗಿಸಿದೆ. ಎಡಕ್ಕೆ, ಅಂಚಿನಿಂದ ಎರಡು ಬೆರಳು ಒಳಗೆ, ಮೇಲಿಂದ ಕೆಳಗಿನವರೆಗೆ ಕೂದಲೆಳೆಯಂಥ ಇನ್ನೊಂದು ಮಡಿಕೆ. ಪಾಸ್‌ಪೋರ್ಟಿನ ಹೊದಿಕೆಯೊಳಗೆ ತೂರಿಸಲು ಅಜ್ಜಯ್ಯನೇ ಮಡಿಚಿರಬೇಕು. ಇಪ್ಪತ್ತು ವರ್ಷ ನನ್ನ ಕೈಯಲ್ಲಿದ್ದೂ ಕಾಣದ ಆ ಮಡಿಕೆ ಫ್ಲಾರಿಡಾದಲ್ಲಿ ಯಾರಿಗೋ ಕಂಡಿತ್ತು.

ಇಸ್ತ್ರಿಯ ನೋಟಿಗೆ ‘20 ನೆಟ್’. ನೆಟ್ ಎಂದರೆ ಬರೀ ಬಳಕೆಯಿಂದ ಸವೆದದ್ದಲ್ಲ, ಬೇರೆ ಊನವೂ ಇದೆ, ಅದನ್ನು ಲೆಕ್ಕಹಿಡಿದು ಕೊಟ್ಟ ಅಂಕ ಎಂದರ್ಥ. ಕೆಳಗೆ ಹರಕು, ಟೇಪಿನ ಅಂಟು ಎಂದು ಬರೆದಿತ್ತು. ಟೇಪು ಹಾಗೇ ಬಿಟ್ಟಿದ್ದರೂ ನೆಟ್ ತಪ್ಪುತ್ತಿರಲಿಲ್ಲ, ಬಣ್ಣವಾದರೂ ಉಳಿಯುತ್ತಿತ್ತು.

ಚೌತಿಗೆ ಊರಿಗೆ ಹೋದಾಗ ಮೂರನ್ನೂ ಚಿಕ್ಕಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ, ಆ ನೆಟ್ ನೋಟನ್ನೇ ಹಿಡಿದು, ಕೆಳಗೆ ಸಣ್ಣಕ್ಕೆ ಬರೆದದ್ದು ಎಂತ ಎಂದು ಕೇಳಿದರು. ಹಿಂದೆ ನೀವು ಟೇಪು ಅಂಟಿಸಿದ್ದಿರಲ್ಲ, ಅದರ ವಿಷಯ ಎಂದೆ.

‘ಅಂಟ್ಸದ್ ನಾನ್,’ ಎಂದರು. ‘ಕಿತ್ತದ್ ಯಾರ್?’