ಪ್ರಶ್ನಾವಳಿ ಬಿಟ್ಟು ಡೇರಿಯ ಕಟ್ಟೆಯ ಮೇಲೆ ಕುಳಿತಾಗ

ಸಂಸ್ಥೆಯೊಂದರಲ್ಲಿ ಪ್ರಾಮಾಣಿಕತೆ, ಧೈರ್ಯದಂಥ ಸದ್ಗುಣಗಳು ಹೇಗೆ ಬಾಳುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯ. ಸದ್ಗುಣದ ಕಣ್ಣಿನಿಂದ ಸಂಸ್ಥೆಯನ್ನು ನೋಡಲು ಹೊರಟರೆ ಅದು ಸಂಶೋಧನಾ ಪ್ರಬಂಧವಾಗುವುದಿಲ್ಲ, ಹರಿಕಥೆಯಾಗುತ್ತದೆ ಎಂದವರೇ ಕಳೆದ ತಿಂಗಳು ನನ್ನ ಪದ್ಧತಿಯನ್ನು ಕೇಳಿ ಬರೆದುಕೊಂಡು ಹೋದರು. ಹೆಮ್ಮೆಯಾಯಿತು.

ಮೊದಲ ವರ್ಷ ಪೂರ್ತಿ ಹಾಳಾಗಿತ್ತು. ಮಂಡ್ಯ ಸುತ್ತಿನ ಮೂರು ಹಾಲು ಉತ್ಪಾದಕರ ಸಂಘಗಳಲ್ಲಿ ಐದು ಅಂಕಗಳ ಪ್ರಶ್ನಾವಳಿ ಹಂಚಿದೆ. ‘ನಿಮ್ಮ ಸಂಘದಲ್ಲಿ ಪ್ರಾಮಾಣಿಕತೆ ಇದೆಯೇ?’ ಸುಮಾರು 200 ಜನರಲ್ಲಿ 180 ಮಂದಿ ಐದಕ್ಕೆ ಐದು ಕೊಟ್ಟರು. ಕಾರ್ಯದರ್ಶಿ ಪಕ್ಕದಲ್ಲೇ ನಿಂತಿದ್ದರು! ಮುದ್ರಣ, ಬಸ್, ಸಹಾಯಕರ ದಿನಗೂಲಿ ಸೇರಿ 22 ಸಾವಿರ ರೂಪಾಯಿಯಷ್ಟು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಕಸುಬು ಬೇರೆ, ಅದನ್ನು ಹೊತ್ತ ಸಂಸ್ಥೆ ಬೇರೆ ಎಂದು ತತ್ತ್ವಶಾಸ್ತ್ರಜ್ಞ ಅಲಾಸ್ಡೇರ್ ಮ್ಯಾಕಿಂಟೈರ್ 1981ರಲ್ಲಿ ಮಾಡಿದ ಭೇದ ಈ ವಿಷಯ ಓದುವ ನಮಗೆಲ್ಲ ಬಾಯಿಪಾಠ. ಕಸುಬಿನ ಕಣ್ಣು ಕೆಲಸದೊಳಗಿನ ಒಳಿತಿನ ಮೇಲೆ, ಸಂಸ್ಥೆಯ ಕಣ್ಣು ಹಣ ಅಧಿಕಾರಗಳ ಮೇಲೆ. ನಾನು ಎಡವಿದ್ದೂ ಅಲ್ಲೇ. ಸಂಸ್ಥೆಯನ್ನು ವಿಚಾರಿಸುತ್ತಿದ್ದೆ, ಕಸುಬನ್ನು ಮಾತನಾಡಿಸಿರಲಿಲ್ಲ.

ಎರಡನೆಯ ವರ್ಷ ಬೆಳಗಿನ ಹಾಲು ಹಾಕುವ ಹೊತ್ತಿಗೆ ಹೋಗಿ ಡೇರಿಯ ಕಟ್ಟೆಯ ಮೇಲೆ ಕುಳಿತೆ. ಮೂರು ವಾರ ಏನೂ ಕೇಳಲಿಲ್ಲ. ಆಮೇಲೆ ಒಂದೇ ಮಾತು: ‘ಇಲ್ಲಿ ಕೆಲಸ ಮಾಡಿದವರಲ್ಲಿ ಯಾರನ್ನು ಈಗಲೂ ನೆನೆಯುತ್ತೀರಿ? ಒಂದು ದಿನದ ಸಂಗತಿ ಹೇಳಿ.’ ನಲವತ್ತು ಚಿಲ್ಲರೆ ಕಥೆಗಳಲ್ಲಿ ಹಾಲಿನ ಪರೀಕ್ಷಕರೊಬ್ಬರ ಹೆಸರು ಹದಿನೈದು ಸಲವಾದರೂ ಬಂತು. ನಿರ್ದೇಶಕರೊಬ್ಬರ ಮನೆಯ ಹಾಲಿನಲ್ಲಿ ಲ್ಯಾಕ್ಟೋಮೀಟರ್ ನೀರು ತೋರಿಸಿದಾಗ ಎಲ್ಲರೆದುರೇ ಕ್ಯಾನನ್ನು ಹಿಂದಕ್ಕೆ ಕಳಿಸಿದ್ದವರು ಅವರು. ಮರುತಿಂಗಳೇ ಅವರನ್ನು ಪರೀಕ್ಷೆಯಿಂದ ಬಿಡಿಸಿ ಲೆಕ್ಕ ಬರೆಯಲು ಕೂರಿಸಿದರಂತೆ. ಧೈರ್ಯ, ಸತ್ಯ, ನ್ಯಾಯ ಮೂರೂ ಒಂದೇ ಕ್ಯಾನಿನಲ್ಲಿ ಸಿಕ್ಕಿದವು. ಸಂಸ್ಥೆ ಕಸುಬನ್ನು ಕೆಡಿಸುವ ಬಗೆಯೂ ಸಿಕ್ಕಿತು. ಖರ್ಚು ಆರು ಸಾವಿರ ದಾಟಲಿಲ್ಲ.

ಕಥೆ ಹೇಳಿ ಮುಗಿಸಿದವರಿಗೆ ಇನ್ನೊಂದು ಪ್ರಶ್ನೆ ಹಾಕುತ್ತೇನೆ. ಹೊಗಳಿಕೆಯನ್ನೂ ಸಾಕ್ಷ್ಯವನ್ನೂ ಬೇರ್ಪಡಿಸುವುದು ಅದೇ. ಪ್ರಬಂಧ ಮಂಡನೆಯಾಗುವವರೆಗೆ ಅದು ನನ್ನಲ್ಲೇ ಇರಲಿ.

ನಡುವೆ ಒಂದು ಆಲೆಮನೆಗೂ ಹೋಗಿದ್ದೆ. ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆದ ಕಂದು ಬೆಲ್ಲವೇ ಬೆಲ್ಲ ಎನ್ನುತ್ತಾರೆ ಪಾಕದ ಹದ ಬಲ್ಲವರು. ಮಂಡಿಯಲ್ಲಿ ಬಿಳುಪಿಗೆ ಬೆಲೆ, ಅದಕ್ಕೇ ಬೆಲ್ಲವನ್ನು ಬಿಳಿಚಿಸುವ ರಾಸಾಯನಿಕ ಹೈಡ್ರೋಸ್. ಕಸುಬಿನೊಳಗಿನ ಒಳಿತೂ ಹೊರಗಿನ ಹಣವೂ ಒಂದೇ ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದವು. ಆದರೆ ಕೂಲಿಯವರು ಹಂಗಾಮಿಗೊಮ್ಮೆ ಬದಲಾಗುವ ಕಡೆ ಹಳಬರ ನೆನಪು ಉಳಿಯುವುದಿಲ್ಲ, ನನ್ನ ಪ್ರಶ್ನೆಯೂ ನಡೆಯಲಿಲ್ಲ.

ಕೊನೆಗೆ ಆ ಪರೀಕ್ಷಕರನ್ನೇ ಕಂಡೆ. ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ತಮಗೆ ಕೆಲಸ ಕಲಿಸಿದ ಹಿರಿಯರ ಕಥೆಯನ್ನೇ ಒಂದು ಗಂಟೆ ಹೇಳಿದರು. ಆ ಹಿರಿಯರು ಈಗ ಪಾಂಡವಪುರದ ಕಡೆ ಮಗಳ ಮನೆಯಲ್ಲಿದ್ದಾರಂತೆ. ಭಾನುವಾರ ಹೋಗುತ್ತೇನೆ.