ಹಿತಕಿದ ಬೇಳೆಗೆ ಆತುರ ಬೇಡ

ಸಂಕ್ರಾಂತಿ ಹತ್ತಿರ ಬಂತು ಅಂದರೆ ನಮ್ಮ ಚಿಂತಾಮಣಿ ಕಡೆಯ ಬಸ್ಸಿನಲ್ಲೂ ಅವರೆಕಾಯಿ ವಾಸನೆ. ಸೀಟಿನ ಕೆಳಗೆ ಒಂದು ಚೀಲ, ಡ್ರೈವರ್ ಪಕ್ಕದಲ್ಲಿ ಎರಡು ಮೂಟೆ. ಬೆಂಗಳೂರಿನಲ್ಲಿರುವ ಮಕ್ಕಳಿಗೆ, ಬೀಗರಿಗೆ ಹೊರಟ ಕಾಯಿ ಅದು. ಅಷ್ಟು ಪ್ರೀತಿಯಿಂದ ಹೋದ ಕಾಯಿಯ ಗತಿ ಅಲ್ಲಿ ಏನಾಗುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಕಾಳನ್ನು ಬಿಸಿನೀರಿಗೆ ಹಾಕಿ, ಅರ್ಧ ಗಂಟೆಗೇ ಹಿತುಕಿ, ಅಂದರೆ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಬಿಡಿಸಿ, ಕುಕ್ಕರಿನಲ್ಲಿ ಮೂರು ವಿಶಲ್ ಕೂಗಿಸಿ, ಹಸಿರು ಗಂಜಿಯಂಥದ್ದನ್ನು ತಂದಿಟ್ಟು “ಹಿತಕಿದ ಬೇಳೆ ಸಾರು, ಬಡಿಸ್ಲಾ ಅತ್ತೆ?” ಅನ್ನುತ್ತಾರೆ. ತಿಂದಿದ್ದೇನೆ. ಅಲ್ಲಿ ಏನೂ ಅನ್ನಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಐದು ಜನರ ಊಟಕ್ಕೆ 2 ಕಿಲೋ ಕಾಯಿ ಬೇಕು. ಜಾಸ್ತಿ ಆಯಿತು ಅನ್ನಿಸಬಹುದು. ಕಾಯಿ ಬಿಡಿಸಿದರೆ ಅರ್ಧಕ್ಕಿಂತ ಹೆಚ್ಚು ತೂಕ ಸಿಪ್ಪೆಗೇ ಹೋಗುತ್ತದೆ, ಹಿತುಕಿದರೆ ಇನ್ನಷ್ಟು ಇಳಿಯುತ್ತದೆ.

ಕಾಯಿ ಆರಿಸುವುದು

ಕಾಯಿ ಕೈಗೆ ಅಂಟಬೇಕು. ಮೂಸಿದರೆ ಘಂ ಅನ್ನಬೇಕು. ಅದೇ ಸೊಗಡು. ಹಿಂದೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲೇ, ಅಂದರೆ ರಾಗಿಯ ನಡುನಡುವೆ ಬಿಡುವ ಸಾಲಿನಲ್ಲಿ, ಅವರೆ ಹಾಕುತ್ತಿದ್ದರು. ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ ಅದು. ರಾಗಿ ಕೊಯ್ದ ಮೇಲೆ ಇಬ್ಬನಿ ಕುಡಿದು ಕಾಯಿ ಕಟ್ಟುತ್ತಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ತಂದ ಮೇಲೆ ಕಾಲ ನೋಡದೆ ಬೆಳೆಯಬಹುದು. ರೈತರಿಗೆ ಒಳ್ಳೆಯದೇ. ಆದರೆ ಏಪ್ರಿಲ್‌ನಲ್ಲಿ ಸಿಗುವ ಕಾಯಿಗೆ ನಾನು ಒಲೆ ಹಚ್ಚುವುದಿಲ್ಲ. ಇಬ್ಬನಿ ಬೀಳದೆ ಸೊಗಡು ಎಲ್ಲಿಂದ ಬರಬೇಕು?

ಕಾಳು ಬಲಿತಿರಬೇಕು, ಒಣಗಿರಬಾರದು. ಎಳೆ ಕಾಳು ಹಿತುಕಿದರೆ ಸಿಪ್ಪೆಯ ಜೊತೆ ಬೇಳೆಯೂ ಜಜ್ಜಿಹೋಗುತ್ತದೆ. ಕಾಯಿಯ ಮೇಲಿನಿಂದಲೇ ಕಾಳಿನ ಉಬ್ಬು ಒಂದೊಂದಾಗಿ ಎಣಿಸುವ ಹಾಗಿದ್ದರೆ ತಗೊಳ್ಳಿ.

ಕಾಯಿಯನ್ನು ತೊಳೆಯಬೇಡಿ. ಸೊಗಡು ಇರುವುದು ಹೊರಸಿಪ್ಪೆಯ ಮೇಲಿನ ಎಣ್ಣೆಯಂಥ ಅಂಟಿನಲ್ಲಿ. ಬಿಡಿಸುವಾಗ ಅದು ಬೆರಳಿಗೆ ಬಂದು, ಬೆರಳಿನಿಂದ ಕಾಳಿಗೆ ಹತ್ತುತ್ತದೆ. ಗ್ಲೌಸ್ ಹಾಕಿಕೊಂಡು ಬಿಡಿಸುವವರನ್ನೂ ನೋಡಿದ್ದೇನೆ. ಅವರಿಗೆ ಏನು ಹೇಳುವುದು!

ನೆನೆಸುವುದು

ರಾತ್ರಿ ಊಟ ಆದ ಮೇಲೆ ಕಾಳನ್ನು ಒಂದು ಸಲ ಜಾಲಿಸಿ, ಮುಳುಗುವಷ್ಟು ತಣ್ಣೀರು ಹಾಕಿ ಮುಚ್ಚಿಡಿ. ಬೆಳಗ್ಗೆ ಎದ್ದು ಹಿತುಕಿ. ಎಂಟು ಗಂಟೆ ಸಾಕು. ಮಧ್ಯಾಹ್ನದವರೆಗೆ ಬಿಟ್ಟರೆ ನೀರು ಲೋಳೆಯಾಗಿ ಹುಳಿ ವಾಸನೆ ಬರುತ್ತದೆ.

ಬಿಸಿನೀರು ಮಾತ್ರ ಬೇಡ. ಬಿಸಿಗೆ ಬೇಳೆಯ ಹೊರಮೈ ಅರ್ಧ ಬೆಂದು ಮೆತ್ತಗಾಗುತ್ತದೆ. ಆಮೇಲೆ ಹಿತುಕಿದರೆ ಬೇಳೆ ಜಾರುವುದಿಲ್ಲ, ಒಡೆಯುತ್ತದೆ. ತಣ್ಣೀರಿನಲ್ಲಿ ಸಿಪ್ಪೆ ನಿಧಾನವಾಗಿ ಉಬ್ಬಿ ಬೇಳೆಯಿಂದ ಬಿಟ್ಟುಕೊಳ್ಳುತ್ತದೆ. ನೆನೆದಿದೆಯೋ ಇಲ್ಲವೋ ನೋಡಲು ಒಂದು ಕಾಳು ಎತ್ತಿ ಉಜ್ಜಿ. ಒಳಗೆ ಬೇಳೆ ಅಲುಗಾಡಬೇಕು, ಸಡಿಲ ಅಂಗಿ ಹಾಕಿಕೊಂಡ ಮಗುವಿನ ಹಾಗೆ. ಇಲ್ಲದಿದ್ದರೆ ಇನ್ನೊಂದು ಗಂಟೆ ಬಿಡಿ.

ಹಿತುಕುವುದು

ಎಲ್ಲರೂ ಎಡವುವುದು ಇಲ್ಲೇ. ಕಾಳಿನ ಒಂದು ಅಂಚಿನಲ್ಲಿ ಬಿಳಿ ಗೆರೆ ಇರುತ್ತದಲ್ಲ, ಅದು ನಿಮ್ಮ ಅಂಗೈ ಕಡೆ ಇರಲಿ. ಹೆಬ್ಬೆರಳು, ತೋರುಬೆರಳ ನಡುವೆ ಕಾಳನ್ನು ಹಿಡಿಯಿರಿ. ಮಧ್ಯಕ್ಕೆ ಒತ್ತಬೇಡಿ. ಗೆರೆಯ ಹತ್ತಿರ ಒತ್ತಿ, ಮುಂದಕ್ಕೆ ತಳ್ಳಿ. ಸಿಪ್ಪೆ ಆಚೆ ಬದಿಯಲ್ಲಿ ಬಿರಿದು ಬೇಳೆ ಪುಳಕ್ ಅಂತ ಹೊರಗೆ ಬರುತ್ತದೆ. ಮಧ್ಯಕ್ಕೆ ಅದುಮಿದರೆ ಎರಡು ಹೋಳಾಗಿ ಸಿಪ್ಪೆಯೊಳಗೇ ಕೂರುತ್ತದೆ. ಆಮೇಲೆ ಉಗುರಿನಲ್ಲಿ ಕೆದಕಬೇಕು, ಕೆದಕಿದರೆ ಚೂರಾಗುತ್ತದೆ, ಚೂರಾದದ್ದು ಸಾರಿನಲ್ಲಿ ಕರಗುತ್ತದೆ. ಸಾರು ಗಂಜಿಯಾಗುವ ಕಥೆ ಶುರುವಾಗುವುದೇ ಹೀಗೆ.

ಬಿರಿಯದ ಕಾಳಿನ ಜೊತೆ ಕುಸ್ತಿ ಬೇಡ. ಗೆರೆಯ ಎದುರಿನ ಅಂಚಿಗೆ ಉಗುರಿನಿಂದ ಒಂದು ಗೀರು ಹಾಕಿ, ಸಾಕು.

ಪಾತ್ರೆ ಆಳವಾಗಿರಲಿ. ತಟ್ಟೆಗೆ ಹಿತುಕಿದರೆ ಅರ್ಧ ಬೇಳೆ ಸೋಫಾ ಕೆಳಗೆ ಇರುತ್ತದೆ. ಪಾತ್ರೆಯಲ್ಲಿ ನೀರು ಬೇಡ. ಬೇಳೆಯನ್ನು ನೀರಲ್ಲಿ ಮುಳುಗಿಸಿಟ್ಟಷ್ಟೂ ಅದು ಸಪ್ಪೆ. ಪೇಟೆಯಲ್ಲಿ ಹಿತುಕಿ ನೀರಲ್ಲಿಟ್ಟು ಪ್ಯಾಕೆಟ್ ಮಾಡಿ ಮಾರುವ ಬೇಳೆಯ ಕಷ್ಟವೂ ಇದೇ. ನೋಡಲು ಮುತ್ತಿನ ಹಾಗಿರುತ್ತದೆ, ಸಾರಿಗೆ ಹಾಕಿದರೆ ಅವರೆ ಅಂತ ಹೇಳಿಕೊಳ್ಳುವ ಯಾವ ಗುರುತೂ ಇರುವುದಿಲ್ಲ. ಆಫೀಸಿಗೆ ಹೋಗುವವರು ವಾರದ ದಿನ ಅದನ್ನೇ ತನ್ನಿ, ನಾನೇನೂ ಅನ್ನಲ್ಲ. ಹಬ್ಬಕ್ಕೆ ಬೇಡ.

ಇದು ಒಬ್ಬರು ಕೂತು ಮಾಡುವ ಕೆಲಸವೂ ಅಲ್ಲ. ನಮ್ಮ ಮನೆಯಲ್ಲಿ ಅಮ್ಮ ಹೊಸಿಲ ಹತ್ತಿರ ಬಿಸಿಲಿಗೆ ಚಾಪೆ ಹಾಸಿ ಎಲ್ಲರನ್ನೂ ಕರೆಯುತ್ತಿದ್ದರು. ಮಕ್ಕಳು ಬೇಳೆಯನ್ನು ಒಬ್ಬರ ಮುಖಕ್ಕೆ ಒಬ್ಬರು ಹಾರಿಸಿ ಬೈಸಿಕೊಳ್ಳುವುದೂ ಲೆಕ್ಕದಲ್ಲಿತ್ತು. ನಾಲ್ಕು ಜನ ಕೂತರೆ 2 ಕಿಲೋ ಕಾಯಿಯ ಕಾಳು ಮಾತು ಮುಗಿಯುವ ಮೊದಲೇ ಮುಗಿಯುತ್ತದೆ. ಸಿಪ್ಪೆ ಹಸುವಿಗೆ. ಬಾಗೇಪಲ್ಲಿ, ಮುಳಬಾಗಿಲು ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಇದಕ್ಕೆ ಪಿತಿಕಿಪಪ್ಪು ಅನ್ನುತ್ತಾರೆ. ಅಲ್ಲೂ ಹೆಸರು ಹಿತುಕಿದ್ದರಿಂದಲೇ ಬಂದದ್ದು.

ಮಸಾಲೆ

ಅರ್ಧ ಹೋಳು ತೆಂಗಿನಕಾಯಿ, ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಸ್ವಲ್ಪ ಶುಂಠಿ, ಒಂದು ಚಮಚ ಗಸಗಸೆ, ಒಂದು ಚಮಚ ಹುರಿಗಡಲೆ, ಚೂರು ಚಕ್ಕೆ, ಎರಡು ಲವಂಗ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಎರಡು ಚಮಚ ಮನೆಯ ಸಾರಿನ ಪುಡಿ. ನುಣ್ಣಗೆ ರುಬ್ಬಿ. ಚಕ್ಕೆ ಲವಂಗ ಇಷ್ಟಕ್ಕಿಂತ ಜಾಸ್ತಿ ಹಾಕಿದರೆ ಸೊಗಡು ಸತ್ತುಹೋಗುತ್ತದೆ. ಅಂಗಡಿಯ ಗರಂ ಮಸಾಲೆ ಡಬ್ಬಿಯನ್ನು ಆವತ್ತು ಅಡುಗೆಮನೆಯಿಂದಲೇ ಆಚೆ ಇಡಿ.

ಬೇಯಿಸುವುದು

ಕುಕ್ಕರ್ ಬೇಡ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ, ಸಾಸಿವೆ, ಕರಿಬೇವು, ಹೆಚ್ಚಿದ ಈರುಳ್ಳಿ. ಬಾಡಿದ ಮೇಲೆ ಬೇಳೆ ಹಾಕಿ ಎರಡು ನಿಮಿಷ ಮೆಲ್ಲಗೆ ಆಡಿಸಿ. ಬೇಳೆ ಮುಳುಗಿ ಎರಡು ಬೆರಳು ಮೇಲೆ ಬರುವಷ್ಟು ಬಿಸಿನೀರು ಹಾಕಿ. ಇಲ್ಲಿ ಬಿಸಿನೀರು ಸರಿ, ಗಲಿಬಿಲಿ ಮಾಡಿಕೊಳ್ಳಬೇಡಿ. ನೊರೆ ಉಕ್ಕುತ್ತದೆ, ಮುಚ್ಚಳ ಓರೆ ಇಡಿ. ಹನ್ನೆರಡು ಹದಿನೈದು ನಿಮಿಷಕ್ಕೆ ಬೇಯುತ್ತದೆ. ಬೆರಳಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಒಡೆಯಬೇಕು, ಪಾತ್ರೆಯಲ್ಲಿ ಮಾತ್ರ ಇಡಿಯಾಗಿ ಇರಬೇಕು.

ಟೊಮೆಟೊ, ಮಸಾಲೆ ಆಮೇಲೆ. ಇದು ನಾನೇ ಪೆಟ್ಟು ತಿಂದು ಕಲಿತದ್ದು. ಮದುವೆಯಾದ ಹೊಸದರಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿದೆ. ಹುಳಿ ಬಿದ್ದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ ಅಂತ ಯಾರೂ ಹೇಳಿರಲಿಲ್ಲ. ಮುಕ್ಕಾಲು ಗಂಟೆ ಕುದಿಸಿದರೂ ಒಳಗೆ ಗಟ್ಟಿ. ಮಾವನವರು ಒಂದೊಂದೇ ಬೇಳೆಯನ್ನು ಎಲೆಯ ಅಂಚಿಗೆ ಸಾಲಾಗಿ ಜೋಡಿಸಿದರು. ಬೈದಿದ್ದರೆ ವಾಸಿ ಇತ್ತು.

ಮಸಾಲೆ, ಉಪ್ಪು ಹಾಕಿದ ಮೇಲೆ ಹತ್ತು ನಿಮಿಷ ಸಣ್ಣ ಉರಿ. ಸೌಟು ಆಡಿಸಬೇಡಿ, ಪಾತ್ರೆಯ ಎರಡೂ ಕಿವಿ ಹಿಡಿದು ಕುಲುಕಿ. ಕೊನೆಗೆ ಒಂದು ಚಮಚ ತುಪ್ಪ.

ಬಡಿಸುವುದು

ಬಾಳೆ ಎಲೆಯಾದರೆ ತುದಿ ಉಣ್ಣುವವರ ಎಡಕ್ಕೆ. ಮೇಲೆ ಎಡದಲ್ಲಿ ಉಪ್ಪು, ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ. ಸಿಹಿ ಪೊಂಗಲ್ ಬಲಕ್ಕೆ, ಸ್ವಲ್ಪವೇ. ಬಾಳೆ ಸಿಗದಿದ್ದರೆ ಮುತ್ತುಗದ ಎಲೆ. ನಮ್ಮ ಬಯಲುಸೀಮೆಗೆ ಅದೂ ಹಬ್ಬದ ಎಲೆಯೇ. ಬಾಳೆ ಎಲೆಯ ಚಿತ್ರ ಅಚ್ಚು ಹಾಕಿದ ಪೇಪರ್ ಎಲೆ ತರಬೇಡಿ. ಬಿಸಿ ಸಾರು ಬಿದ್ದರೆ ಪ್ಲಾಸ್ಟಿಕ್ ವಾಸನೆ, ಸೊಗಡಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ.

ಹಿತಕಿದ ಬೇಳೆಗೆ ರಾಗಿ ಮುದ್ದೆಯೇ ಸರಿ. ಅನ್ನ ಆಮೇಲೆ. ಮುದ್ದೆಯನ್ನು ಎಲೆಯ ನಡುವೆ ಇಟ್ಟು, ಹೆಬ್ಬೆರಳಲ್ಲಿ ಗುಳಿ ಮಾಡಿ, ಅದರೊಳಗೆ ಸಾರು ಬಿಡಿ. ಎಲೆ ತುಂಬ ಹರಿದು ಮಡಿಲಿಗೆ ಬರುವುದಿಲ್ಲ. ಒಂದೇ ಸಲ ಎರಡು ಸೌಟು ಸುರಿಯುವ ಉತ್ಸಾಹಿ ಅಳಿಯಂದಿರನ್ನು ಬಡಿಸಲು ಬಿಡಬೇಡಿ.

ಸಂಜೆ ಎಳ್ಳು ಬೀರಲು ಮಕ್ಕಳು ಬಂದಾಗ ತಟ್ಟೆಯಲ್ಲಿ ಎಳ್ಳು ಬೆಲ್ಲದ ಜೊತೆ ಒಂದು ತುಂಡು ಕಬ್ಬು, ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು ಇಡಿ. ಎಳ್ಳು ಬೆಲ್ಲದ ರೆಡಿ ಪ್ಯಾಕೆಟ್ ತರುವುದಾದರೆ ಮೊದಲು ಕೊಬ್ಬರಿ ಮೂಸಿ ನೋಡಿ. ಕಮಟು ವಾಸನೆ ಬಂದರೆ ಬಿಟ್ಟುಬಿಡಿ.

ಹಿತುಕುವಾಗ ಹೋಳಾದ ಬೇಳೆ ಒಂದು ಬಟ್ಟಲು ಉಳಿದೇ ಉಳಿಯುತ್ತದೆ. ಸಾರಿಗೆ ಹಾಕಬೇಡಿ. ಬಟ್ಟೆಯ ಮೇಲೆ ಹರಡಿ ನೀರು ಪೂರ್ತಿ ಆರಲಿ, ಇಲ್ಲದಿದ್ದರೆ ಎಣ್ಣೆ ಸಿಡಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಕರಿದು, ಜಜ್ಜಿದ ಬೆಳ್ಳುಳ್ಳಿ, ಕರಿಬೇವನ್ನೂ ಅದೇ ಎಣ್ಣೆಯಲ್ಲಿ ಕರಿದು, ಉಪ್ಪು ಖಾರ ಬೆರೆಸಿ ಡಬ್ಬಿಗೆ ಹಾಕಿ. ಡಬ್ಬಿಯನ್ನು ಎತ್ತರದಲ್ಲಿಡಿ. ನಮ್ಮ ಮನೆಯಲ್ಲಿ ಅದು ರಾತ್ರಿಯವರೆಗೆ ಉಳಿದದ್ದು ನಾನು ನೋಡಿಲ್ಲ.