ಉಪ್ಪುನೀರಿನ ಮೀನಿಗೆ ಹುಷಾರಿಲ್ವಾ? ಮೊದಲು ಉಸಿರು ಎಣಿಸಿ

ನಾವು ಕಾಸರಗೋಡಿನವರು ಸಮುದ್ರದ ಬದಿಯಲ್ಲೇ ಇರುವವರು ಹೌದು, ಆದ್ರೆ ಸಮುದ್ರದ ಮೀನನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುದು ಸುಲಭ ಅಂತ ಗ್ರಹಿಸ್ಬೇಡಿ. ಕ್ಲೌನ್ ಫಿಶ್ ಬೆಳಿಗ್ಗೆ ತಿನ್ಲಿಲ್ಲ ಅಂತ ಕೂಡ್ಲೇ ಅಂಗಡಿಗೆ ಓಡಿ ಎಂತದೋ ಒಂದು ಬಾಟ್ಲಿ ತಂದು ಸುರಿಯುವವರೇ ಜಾಸ್ತಿ, ಮತ್ತೆ ಮೀನು ಸತ್ತದ್ದು ರೋಗದಿಂದಲಾ ಮದ್ದಿನಿಂದಲಾ ಅಂತ ಗೊತ್ತಾಗುದೇ ಇಲ್ಲ.

ಮೊದಲು ಟ್ಯಾಂಕಿನ ಎದುರು ಕುರ್ಚಿ ಹಾಕಿ ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ. ಮೊಬೈಲಲ್ಲಿ ಒಂದು ನಿಮಿಷ ವಿಡಿಯೋ ಮಾಡಿ, ಅದನ್ನು ಸ್ಲೋ ಮಾಡಿ ಕಿವಿರಿನ ಮುಚ್ಚಳ ಎಷ್ಟು ಸಲ ತೆರೆದು ಮುಚ್ಚಿತು ಎಣಿಸಿ. ಹುಷಾರಿದ್ದಾಗಿನ ಲೆಕ್ಕ ಬರೆದಿಟ್ಟಿದ್ರೆ ಹೋಲಿಸಿ ನೋಡ್ಬಹುದು, ಬರೆದಿಡದಿದ್ದವರು ಇವತ್ತೇ ಬರೆದಿಡಿ. ಮೈ ಮೇಲೆ ಚುಕ್ಕಿ ಕಾಣುವ ಮೊದಲೇ ಕಿವಿರಿಗೆ ತೊಂದ್ರೆ ಶುರುವಾಗಿರ್ತದೆ.

ಆಮೇಲೆ ನೀರು. ಎಲ್ಲ ಮೀನುಗಳೂ ಒಟ್ಟಿಗೇ ಏದುಸಿರು ಬಿಡ್ತಾ ಇದ್ರೆ ಹೆಚ್ಚಾಗಿ ತಪ್ಪು ನೀರಿನದ್ದು. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಸೊನ್ನೆ ಇರ್ಬೇಕು, ಉಪ್ಪು ಅಳೆಯುವ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025 ಆಸುಪಾಸು, ಬಿಸಿ 25ರಿಂದ 27 ಡಿಗ್ರಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದ್ರೆ ಯಾವಾಗ ಬರ್ತದೆ ಅಂತ ದೇವ್ರಿಗೇ ಗೊತ್ತು, ಹಾಗಾಗಿ ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಸಮುದ್ರದ ನೀರನ್ನೇ ತರುವವರು ಜೂನ್ ನಂತರ ಚಂದ್ರಗಿರಿ ಹೊಳೆ ಸಮುದ್ರ ಸೇರುವ ಕಡೆಯಿಂದ ತರ್ಲೇಬೇಡಿ, ಅದು ಅರ್ಧ ಹೊಳೆ ನೀರೇ, ಕೆಸರು ಬೇರೆ.

ನೀರು ಸರಿ ಉಂಟು ಅಂತಾದ್ರೆ ರೋಗ ಹುಡುಕುವ. ರೂಮಿನ ಲೈಟ್ ಆರಿಸಿ ಟಾರ್ಚನ್ನು ಬದಿಯಿಂದ ಹಿಡಿದು ನೋಡಿ. ಪುಡಿ ಉಪ್ಪು ಉದುರಿಸಿದ ಹಾಗೆ ಬಿಡಿ ಬಿಡಿ ಚುಕ್ಕಿ, ಕಲ್ಲಿಗೆ ಮೈ ಉಜ್ಜುದು, ಇದು ಬಿಳಿ ಚುಕ್ಕಿ ರೋಗ, ಕ್ರಿಪ್ಟೋಕ್ಯಾರಿಯಾನ್ ಅಂತ ಒಂದು ಪರಾವಲಂಬಿಯಿಂದ ಬರುವಂಥದ್ದು. ಚುಕ್ಕಿ ಇನ್ನೂ ಸಣ್ಣ, ಮೈಗೆ ಅರಸಿನ ಪುಡಿ ಹಿಡಿದ ಹಾಗೆ ಮಂಕು, ಮೀನು ಪಂಪಿನ ನೀರಿನ ರಭಸಕ್ಕೆ ಮುಖ ಕೊಟ್ಟು ನಿಂತಿದೆ ಅಂತಾದ್ರೆ ವೆಲ್ವೆಟ್ ರೋಗ. ಅದಕ್ಕೆ ನಾಳೆ ನೋಡುವ ಅಂತ ಹೇಳ್ಲಿಕ್ಕಿಲ್ಲ, ಎರಡು ಮೂರು ದಿನದಲ್ಲಿ ಟ್ಯಾಂಕ್ ಖಾಲಿ ಆಗ್ತದೆ. ಕ್ಲೌನ್ ಫಿಶ್ಶಿನ ಮೈಯಿಂದ ಲೋಳೆ ಬಿಳಿ ಪೊರೆಯ ಹಾಗೆ ಕಿತ್ತು ನೇತಾಡ್ತಾ ಇದ್ರೆ ಬ್ರೂಕ್ಲಿನೆಲ್ಲಾ ಅನ್ನುವ ಇನ್ನೊಂದು ಪರಾವಲಂಬಿ, ಇದಕ್ಕೆ ಬಿಳಿ ಚುಕ್ಕಿಗೂ ವೆಲ್ವೆಟ್ಟಿಗೂ ಹಾಕುವ ತಾಮ್ರದ ಮದ್ದು ತಾಗುದೇ ಇಲ್ಲ, ಫಾರ್ಮಲಿನ್ ಇರುವ ಮದ್ದು ಬೇಕು. ಅದನ್ನು ಬಾಟ್ಲಿಯಲ್ಲಿ ಬರೆದ ಅಳತೆಯಲ್ಲೇ, ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆರೆದಿಟ್ಟು, ಏರ್ ಪಂಪ್ ಜೋರು ಮಾಡಿ ಹಾಕಿ. ರೆಕ್ಕೆಯಲ್ಲಿ ಹೂಕೋಸಿನ ಹಾಗೆ ಗಂಟು ಇದ್ರೆ ಅದು ವೈರಸ್, ಮದ್ದಿಲ್ಲ, ನೀರು ಊಟ ಚೆನ್ನಾಗಿದ್ರೆ ಹೆಚ್ಚಾಗಿ ತನ್ನಷ್ಟಕ್ಕೇ ಹೋಗ್ತದೆ.

ಈಗ ಎಲ್ರೂ ಮೋಸ ಹೋಗುವ ಜಾಗ. ಬಿಳಿ ಚುಕ್ಕಿ ನಾಲ್ಕೈದು ದಿನದಲ್ಲಿ ಮಾಯ ಆಗ್ತದೆ, ಬೆಳ್ಳುಳ್ಳಿ ರಸ ಹಾಕಿದವರು ಬೆಳ್ಳುಳ್ಳಿಯಿಂದ ಗುಣ ಆಯ್ತು ಅಂತಾರೆ. ನಿಜವಾಗಿ ಆಗಿದ್ದು ಎಂತ ಅಂದ್ರೆ ಆ ಪರಾವಲಂಬಿ ಹೊಟ್ಟೆ ತುಂಬಿ ಕೆಳಗೆ ಉದುರಿ ಮರಳಿಗೆ, ಕಲ್ಲಿಗೆ ಅಂಟಿ ಕೋಶ ಕಟ್ಟಿಕೊಂಡಿದೆ, ಒಳಗೆ ನೂರಾರು ಮರಿ ತಯಾರಾಗ್ತಾ ಉಂಟು. ಕೆಲವು ಕೋಶ ಮೂರೇ ದಿನಕ್ಕೆ ಒಡೆದ್ರೆ ಕೆಲವು 72 ದಿನ ಕಾದದ್ದೂ ಉಂಟು. ಮದ್ದು ತಾಗುದು ಆ ಮರಿಗಳು ನೀರಲ್ಲಿ ಈಜುವಾಗ ಮಾತ್ರ, ಹಾಗಾಗಿ ಚುಕ್ಕಿ ಹೋಯ್ತು ಅಂತ ಮದ್ದು ನಿಲ್ಲಿಸ್ಲೇಬಾರ್ದು.

ಮದ್ದನ್ನು ದೊಡ್ಡ ಟ್ಯಾಂಕಿಗೆ ಹಾಕ್ಬೇಡಿ, ಹವಳಕ್ಕೂ ಸಿಗಡಿಗೂ ತಾಮ್ರ ಅಂದ್ರೆ ವಿಷ. 50 ಲೀಟರಿನ ಪ್ಲಾಸ್ಟಿಕ್ ಟಬ್ ಸಾಕು, ಒಂದು ಸ್ಪಂಜ್ ಫಿಲ್ಟರ್, ಮೀನು ಅಡಗ್ಲಿಕ್ಕೆ ಪ್ಲಂಬಿಂಗ್ ಕೆಲಸದಲ್ಲಿ ಉಳಿದ ಪಿವಿಸಿ ಪೈಪಿನ ತುಂಡು. ಮರಳು, ಕಲ್ಲು ಬೇಡ, ಅವು ತಾಮ್ರವನ್ನು ಹೀರಿಕೊಳ್ತವೆ. ಇದ್ದಿಲು ಹಾಕಿದ್ರೆ ಅದೂ ಮದ್ದನ್ನು ತೆಗೀತದೆ. ಅಮೋನಿಯಾ ದಿನಾ ನೋಡಿ ನೀರು ಬದಲಿಸಿ, ಅಮೋನಿಯಾ ಕಟ್ಟುವ ಲಿಕ್ವಿಡ್ ಮಾತ್ರ ತಾಮ್ರದ ಜೊತೆ ಸೇರಿಸ್ಬೇಡಿ.

ತಾಮ್ರ ಅಂದ್ರೆ ನಮ್ಮ ಅಡಿಕೆ ತೋಟದವರಿಗೆ ಕೂಡ್ಲೇ ನೆನಪಾಗುದು ಮೈಲುತುತ್ತು, ಅಂದ್ರೆ ತಾಮ್ರದ ಸಲ್ಫೇಟ್. ಮನೆಯಲ್ಲಿ ಮೂಟೆಯೇ ಉಂಟಲ್ಲ ಅಂತ ಕೇಳುವವರಿದ್ದಾರೆ! ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ತುತ್ತು, ಅದೇ 100 ಲೀಟರಿನಲ್ಲಿ ಮೀನಿಗೆ ಬೇಕಾದ್ದು ಸುಮಾರು 80 ಮಿಲಿಗ್ರಾಂ, ಒಂದು ಚಿಟಿಕೆಗಿಂತಲೂ ಕಡಿಮೆ. ಅಡುಗೆಮನೆಯ ತಕ್ಕಡಿಯಲ್ಲಿ ಅದನ್ನು ತೂಗ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಅಕ್ವೇರಿಯಮ್ಮಿಗೇ ಬರುವ ತಾಮ್ರದ ಮದ್ದು, ಅದಕ್ಕೆ ಹೊಂದುವ ಟೆಸ್ಟ್ ಕಿಟ್ ಎರಡನ್ನೂ ತನ್ನಿ. ಬರೀ ತಾಮ್ರದ ಸಲ್ಫೇಟ್ ಆದ್ರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ, ಚೆಲೇಟೆಡ್ (ತಾಮ್ರವನ್ನು ಇನ್ನೊಂದು ರಾಸಾಯನಿಕಕ್ಕೆ ಕಟ್ಟಿದ್ದು) ಅಂತ ಬರೆದಿದ್ರೆ ಅಳತೆಯೇ ಬೇರೆ, ಲೇಬಲ್ ಓದಿ. ಎರಡು ಮೂರು ದಿನದಲ್ಲಿ ನಿಧಾನ ಏರಿಸಿ, ಮತ್ತೆ 30 ದಿನ ಇಳಿಯದ ಹಾಗೆ ನೋಡ್ಕೊಳ್ಳಿ.

ಮೀನಿನ ಮೈಗೆ ಎಳ್ಳಿನಷ್ಟು ಸಣ್ಣ, ಮಂಕಾದ ಚಪ್ಪಟೆ ಹುಳ ಅಂಟಿದ್ರೆ ಅದು ಫ್ಲೂಕ್, ಪ್ರಾಜಿಕ್ವಾಂಟೆಲ್ ಅನ್ನುವ ಹುಳದ ಮದ್ದು ಸಾಕು. ಅನುಮಾನ ಇದ್ರೆ ಸಿಹಿನೀರಿನ ಸ್ನಾನ ಮಾಡಿಸಿ: ಬಕೆಟ್ಟಿನಲ್ಲಿ ಉಪ್ಪಿಲ್ಲದ ನೀರು, ಟ್ಯಾಂಕಿನಷ್ಟೇ ಬಿಸಿ, ಏರ್ ಪಂಪ್, ಮೂರರಿಂದ ಐದು ನಿಮಿಷ. ಹುಳ ಬೆಳ್ಳಗಾಗಿ ಬಕೆಟ್ಟಿನ ಅಡಿಗೆ ಉದುರುದು ಕಣ್ಣಿಗೇ ಕಾಣ್ತದೆ. ನಮ್ಮಲ್ಲಿ ನೀರಿಗಾಗಿ ಗುಡ್ಡ ಕೊರೆದ ಸುರಂಗದ ನೀರು, ಕೆಂಪುಕಲ್ಲಿನ ಬಾವಿಯ ನೀರು ಕ್ಲೋರಿನ್ ಇಲ್ಲದ್ದು, ಅದು ಒಳ್ಳೇದೇ, ಆದ್ರೆ ಹೆಚ್ಚಾಗಿ ಹುಳಿ ಇರ್ತದೆ, ಅಡುಗೆ ಸೋಡ ಸ್ವಲ್ಪ ಸ್ವಲ್ಪ ಹಾಕಿ ಪಿಎಚ್ 8.2ಕ್ಕೆ ತಂದು ಮೀನನ್ನು ಬಿಡಿ. ಮೀನು ಮಗುಚಿ ಬಿದ್ದು ಬೆರಳು ತಾಗಿಸಿದ್ರೂ ಅಲ್ಲಾಡದಿದ್ರೆ ಆ ಕ್ಷಣ ಹೊರಗೆ ತೆಗೀರಿ.

ಕೊನೆಯ ಕೋಶವೂ ಒಡೆದು ಮರಿಗಳು ಮೀನು ಸಿಗದೆ ಸಾಯುವ ಹಾಗೆ ದೊಡ್ಡ ಟ್ಯಾಂಕನ್ನು ಮೀನಿಲ್ಲದೆ 76 ದಿನ ಬಿಡಿ, ಹವಳ, ಸಿಗಡಿ ಅಲ್ಲೇ ಇರ್ಲಿ. ಅಷ್ಟು ದಿನ ಖಾಲಿ ಟ್ಯಾಂಕ್ ನೋಡುದು ಬೇಜಾರಿನ ಕೆಲಸ, ನಾನು ಒಮ್ಮೆ 30ನೇ ದಿನಕ್ಕೇ ಸೋತು ಮೀನು ಬಿಟ್ಟು ಪುನಃ ಮೊದಲಿಂದ ಶುರು ಮಾಡಿದ್ದೇನೆ.

ಕೆಲಸ ಮುಗಿದ ಮೇಲೆ ಟಬ್, ಬಲೆ, ಪೈಪ್ ಎಲ್ಲ ಒಣಗಿಸಿ, ಟಬ್ಬಿಗೆ ಮಾರ್ಕರಿನಲ್ಲಿ ದೊಡ್ಡದಾಗಿ ‘ತಾಮ್ರ’ ಅಂತ ಬರೆದು ಬೇರೆಯೇ ಇಡಿ. ಯಾಕೆ ಹೇಳ್ತೇನೆ ಅಂದ್ರೆ ನಾನೊಮ್ಮೆ ಹೊಸ ಉಪ್ಪುನೀರು ಕಲಸಿದ್ದು ತೋಟದ ಕೊಟ್ಟಿಗೆಯಲ್ಲಿದ್ದ ಬಕೆಟ್ಟಿನಲ್ಲಿ, ನಾಲ್ಕು ಸಲ ತೊಳೆದಿದ್ದೆ ಕೂಡ. ಮಾರನೇ ದಿನ ನನ್ನ ಎರಡು ಸಿಗಡಿಗಳೂ ಕಾಲು ಮೇಲೆ ಮಾಡಿ ಬಿದ್ದಿದ್ವು. ಬಕೆಟನ್ನು ಬಿಸಿಲಿಗೆ ಹಿಡಿದು ನೋಡುವಾಗ ಅಡಿಯ ಅಂಚಿನಲ್ಲಿ ನೂಲಿನಷ್ಟು ನೀಲಿ ಗೆರೆ.